ಸೆಕೆಂಡ್ ಹ್ಯಾಂಡ್ ಬಾಕ್ಸ್‌ಸ್ಟರ್: ಟೋಕನ್ ಕೊಡುವ ಮೊದಲು ಲಿಫ್ಟಿಗೆ ಏರಿಸಿ

ಪೋರ್ಷೆ ಬಾಕ್ಸ್‌ಸ್ಟರ್ ಎರಡು ಸೀಟಿನ, ಚಾವಣಿ ಮಡಚುವ ಸ್ಪೋರ್ಟ್ಸ್ ಕಾರು. ಅದರ ಬಾನೆಟ್ ಎತ್ತಿದರೆ ಸಿಗುವುದು ಡಿಕ್ಕಿ. ಹಿಂದೆ ಎತ್ತಿದರೆ ಅಲ್ಲೂ ಡಿಕ್ಕಿ. ಎಂಜಿನ್ ಇರುವುದು ಸೀಟುಗಳ ಬೆನ್ನಿಗೆ, ಹಿಂಚಕ್ರಗಳಿಗಿಂತ ಮುಂದೆ. ಆಯಿಲ್ ಮತ್ತು ಕೂಲಂಟ್ ಹಾಕುವ ಮುಚ್ಚಳಗಳನ್ನು ಬಿಟ್ಟರೆ ಮೇಲಿಂದ ಅದರ ಗುರುತೇ ಸಿಗುವುದಿಲ್ಲ. ಪರಿಚಯದ ಮೆಕ್ಯಾನಿಕ್‌ನನ್ನು ಕರೆದೊಯ್ದು, ಬಾನೆಟ್ ಎತ್ತಿಸಿ, ಒಂದು ರೌಂಡ್ ಹೊಡೆದು ‘ಗಾಡಿ ಚೆನ್ನಾಗಿದೆ’ ಅನ್ನಿಸಿಕೊಳ್ಳುವ ನಮ್ಮ ರೂಢಿ ಈ ಕಾರಿಗೆ ಸಾಲದು.

ಹೋದ ವರ್ಷ ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ 2013ರ ಬಾಕ್ಸ್‌ಸ್ಟರ್ ಒಂದನ್ನು ನೋಡಿಬಂದು, ‘ಮಾಮಾ, ಶೋರೂಂ ಕಂಡಿಷನ್. ನಾಳೆ ಟೋಕನ್ ಕೊಟ್ಟುಬಿಡ್ತೀನಿ’ ಅಂದ. ಎರಡು ವಾರ ತಡಿ ಅಂದೆ. ಆ ಎರಡು ವಾರದಲ್ಲಿ ನಾವು ಮಾಡಿದ ಕೆಲಸವೇ ಈ ಲೇಖನ.

ಯಾವ ತಲೆಮಾರಿನ ಕಾರು?

ತಪಾಸಣೆಯಲ್ಲಿ ಏನು ಹುಡುಕಬೇಕು ಎಂಬುದನ್ನು ಕಾರಿನ ಮಾದರಿ ವರ್ಷವೇ ಹೇಳುತ್ತದೆ. 2008ರ ಮಾದರಿಯವರೆಗಿನ ಬಾಕ್ಸ್‌ಸ್ಟರ್ ಎಂಜಿನ್‌ಗಳಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್ ಬೇರಿಂಗ್ ಎಂಬುದೊಂದಿದೆ, ಎಂಜಿನ್ನಿನೊಳಗೆ ತಿರುಗುವ ಒಂದು ದಂಡಕ್ಕೆ ಅದು ಆಸರೆ. ಗ್ಯಾರೇಜಿನವರು ‘ಐಎಂಎಸ್’ ಅನ್ನುತ್ತಾರೆ. ಅದು ಮುರಿದರೆ ಇಡೀ ಎಂಜಿನ್ ಕೈಬಿಟ್ಟ ಹಾಗೆ. ಅಮೆರಿಕದಲ್ಲಿ 2001ರಿಂದ 2005ರ ನಡುವಿನ ಕಾರುಗಳ ಮಾಲೀಕರು ಇದೇ ಕಾರಣಕ್ಕೆ ಒಟ್ಟಾಗಿ ಮೊಕದ್ದಮೆ ಹೂಡಿದ್ದರು, ಅದು ಕಂಪನಿಯೊಂದಿಗಿನ ರಾಜಿಯಲ್ಲಿ ಮುಗಿಯಿತು. 2009ರ ಮಾದರಿಗೆ ಬಂದ ಹೊಸ ಎಂಜಿನ್‌ನಲ್ಲಿ ಆ ಬೇರಿಂಗೇ ಇಲ್ಲ.

ಹಳೆಯದನ್ನೇ ಕೊಳ್ಳುವುದಾದರೆ ಎರಡು ಹೆಚ್ಚುವರಿ ಪರೀಕ್ಷೆ ಮಾಡಿಸಿ. ಒಂದು, ಸ್ಪಾರ್ಕ್ ಪ್ಲಗ್ ಬಿಚ್ಚಿ ಸಣ್ಣ ಕ್ಯಾಮೆರಾ ಇಳಿಸಿ ಸಿಲಿಂಡರ್ ಗೋಡೆಯಲ್ಲಿ ಗೀರು ಬಿದ್ದಿದೆಯೇ ನೋಡುವುದು. ಇನ್ನೊಂದು, ಆಯಿಲ್ ಫಿಲ್ಟರ್ ಬಿಚ್ಚಿ ಅದರ ಕಾಗದದ ಮಡಿಕೆಗಳನ್ನು ಬೆಳಕಿಗೆ ಹಿಡಿದು ನೋಡುವುದು. ಮಡಿಕೆಯಲ್ಲಿ ಮಿನುಗುವ ಚೂರು ಕಂಡರೆ ಆಯಸ್ಕಾಂತ ತಾಗಿಸಲಿ. ಅಂಟಿಕೊಂಡರೆ ಅದು ಉಕ್ಕು, ಬೇರಿಂಗಿನದ್ದೇ ಇರಬಹುದು. ಅಂಥ ಕಾರನ್ನು ಅಲ್ಲೇ ಬಿಟ್ಟು ಬನ್ನಿ.

ಕಾಗದ ಮನೆಯಲ್ಲೇ ನೋಡಿ

ತಪಾಸಣೆಗೆ ದುಡ್ಡು ಸುರಿಯುವ ಮೊದಲು ಇದು ಮುಗಿಯಲಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಸಾಲ ಬಾಕಿ ಇದೆಯೇ, ಇನ್ಷೂರೆನ್ಸ್ ಚಾಲ್ತಿಯಲ್ಲಿದೆಯೇ ನೋಡಿ. ಹಳೆಯ ಪಾಲಿಸಿಯ ಪ್ರತಿಗಳನ್ನು ಕೇಳಿ ಪಡೆಯಿರಿ. ಸತತ ಐದು ವರ್ಷ ಕ್ಲೇಮ್ ಮಾಡದವರಿಗೆ ನೋ ಕ್ಲೇಮ್ ಬೋನಸ್ (ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಶೇ 50ಕ್ಕೆ ಏರಿರುತ್ತದೆ. ಎಷ್ಟೋ ವರ್ಷಗಳಿಂದ ಒಬ್ಬರದೇ ಕೈಯಲ್ಲಿರುವ ಕಾರಿಗೆ ಆ ಜಾಗದಲ್ಲಿ ಸೊನ್ನೆ ಇದ್ದರೆ ಹಿಂದಿನ ವರ್ಷ ಏನಾಗಿತ್ತು ಎಂದು ಕೇಳಲೇಬೇಕು.

ಹೊರರಾಜ್ಯದ ಪ್ಲೇಟ್ ಇದ್ದರೆ ಇನ್ನೂ ಎಚ್ಚರ. 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಮರುನೋಂದಣಿ ಕಡ್ಡಾಯ, ಜತೆಗೆ ಕರ್ನಾಟಕದ ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. ಪುದುಚೇರಿ ನೋಂದಣಿಯ ದುಬಾರಿ ಕಾರುಗಳನ್ನು ತೆರಿಗೆ ಕಟ್ಟಿಲ್ಲವೆಂದು ಸಾರಿಗೆ ಇಲಾಖೆಯವರು ಬೆಂಗಳೂರಿನ ರಸ್ತೆಯಲ್ಲೇ ಜಪ್ತಿ ಮಾಡಿದ್ದಾರೆ.

ಪರೀಕ್ಷಿಸುವವರು ನಿಮ್ಮವರಾಗಿರಲಿ

ಇಡೀ ಲೇಖನದಲ್ಲಿ ನಾನು ಒತ್ತಿ ಹೇಳುವುದು ಇದೊಂದನ್ನೇ. ಗ್ಯಾರೇಜ್ ಆರಿಸುವವರು ನೀವು, ದುಡ್ಡು ಕೊಡುವವರು ನೀವು, ವರದಿ ಬರಬೇಕಾದದ್ದೂ ನಿಮ್ಮ ಕೈಗೆ. ‘ನಮ್ಮ ಹುಡುಗರೇ ಚೆಕ್ ಮಾಡಿದ್ದಾರೆ ಸಾರ್’ ಎಂದು ಡೀಲರ್ ಕೊಡುವ ಪಟ್ಟಿ ಎಷ್ಟೇ ಉದ್ದವಿರಲಿ, ಅದು ಮಾರುವವರ ಕಾಗದ.

ಹಾದಿ ಎರಡಿವೆ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ದುಡ್ಡು ಹೆಚ್ಚಾದರೂ ಕಂಪನಿಯದೇ ಸ್ಕ್ಯಾನರ್ ಇರುತ್ತದೆ, ಅಲ್ಲಿ ಆದ ಸರ್ವಿಸ್‌ಗಳ ದಾಖಲೆಯೂ ಸಿಗಬಹುದು. ಇನ್ನೊಂದು, ಜರ್ಮನ್ ಕಾರುಗಳನ್ನೇ ನೋಡುವ ಖಾಸಗಿ ಗ್ಯಾರೇಜ್. ಅವರಿಗೆ ಫೋನ್ ಮಾಡಿದಾಗ ‘ಬಾಕ್ಸ್‌ಸ್ಟರ್ ನೋಡ್ತೀರಾ’ ಅನ್ನಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ಓವರ್‌ರೆವ್ ರಿಪೋರ್ಟ್ ತೆಗೆದು ಕೊಡ್ತೀರಾ, ಪೇಂಟ್ ಮೀಟರ್ ಅಲ್ಯೂಮಿನಿಯಂ ಓದುತ್ತಾ’ ಎಂದು ಕೇಳಿ. ಮೊದಲನೆಯದು ಎಂಜಿನ್ ಮಿತಿಮೀರಿ ತಿರುಗಿದ್ದರ ದಾಖಲೆ, ಎರಡನೆಯದು ಬಣ್ಣದ ದಪ್ಪ ಅಳೆಯುವ ಸಾಧನ. ಉತ್ತರದಲ್ಲೇ ಅವರ ಅನುಭವ ತಿಳಿಯುತ್ತದೆ. ಹುಬ್ಬಳ್ಳಿಯಲ್ಲಿ ಕುಳಿತು ಬೆಂಗಳೂರಿನ ಕಾರು ನೋಡುತ್ತಿದ್ದರೆ ಗ್ಯಾರೇಜ್ ಬೆಂಗಳೂರಿನದ್ದೇ ಇರಲಿ, ಆ ದಿನ ನೀವು ಅಲ್ಲಿರಿ.

ಮಾರುವವರಿಗೆ ವಾಟ್ಸ್‌ಆ್ಯಪ್‌ನಲ್ಲಿ ನೇರವಾಗಿ ಬರೆಯಿರಿ: ಇಂಥ ದಿನ, ಇಂಥ ಗ್ಯಾರೇಜ್, ಖರ್ಚು ನನ್ನದು, ಕಾರನ್ನು ನೀವೇ ಓಡಿಸಿಕೊಂಡು ಬನ್ನಿ. ಟೋಕನ್ ಕೊಡಲೇಬೇಕಾಗಿ ಬಂದರೆ, ತಪಾಸಣೆಯಲ್ಲಿ ದೊಡ್ಡ ದೋಷ ಕಂಡರೆ ಅದು ವಾಪಸ್ ಎಂಬ ಮಾತೂ ಬರಹದಲ್ಲಿರಲಿ. ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ‘ಇನ್ನೊಂದು ಪಾರ್ಟಿ ಕಾಯ್ತಿದೆ’ ಎಂಬ ಉತ್ತರ ಬಂದರೆ ಆ ಪಾರ್ಟಿಗೇ ಹೋಗಲಿ ಬಿಡಿ.

ತಣ್ಣಗಿನ ಎಂಜಿನ್

ನಾವು ಬೆಳಿಗ್ಗೆ ಏಳಕ್ಕೆ ಮಾಲೀಕರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಹೋದೆವು. ಸೈಲೆನ್ಸರ್ ತುದಿಗೆ ಕೈಯ ಹಿಂಬದಿ ತಾಗಿಸಿದೆ. ಬೆಚ್ಚಗಿತ್ತು. ‘ಈಗ ತಾನೇ ಸ್ವಲ್ಪ ಹೊರಗೆ ತೆಗೆದಿದ್ದೆ’ ಅಂದರು. ಅವರ ಮನಸ್ಸಿನಲ್ಲಿ ಏನೂ ಇರಲಿಕ್ಕಿಲ್ಲ, ಆದರೂ ನಾವು ನಮಸ್ಕಾರ ಹೇಳಿ ಮರುದಿನ ಬಂದೆವು. ಬಿಸಿಯಾದ ಎಂಜಿನ್ ತನ್ನ ಕಾಯಿಲೆಯನ್ನು ಅರ್ಧ ಮುಚ್ಚಿಟ್ಟುಕೊಳ್ಳುತ್ತದೆ.

ಈ ಎಂಜಿನ್ನಿನಲ್ಲಿ ಸಿಲಿಂಡರ್‌ಗಳು ಮಲಗಿಕೊಂಡಿರುತ್ತವೆ. ಕೆಲವು ದಿನ ನಿಂತ ಕಾರಿನಲ್ಲಿ ಆಯಿಲ್ ಅವುಗಳೊಳಗೆ ಒಸರುವುದರಿಂದ, ಸ್ಟಾರ್ಟ್ ಮಾಡಿದಾಗ ಒಂದು ಗಳಿಗೆ ನೀಲಿ ಹೊಗೆ ಬಂದು ನಿಂತರೆ ಗಾಬರಿಯಾಗಬೇಡಿ. ಹೊಗೆ ನಿಲ್ಲದಿದ್ದರೆ, ಇಲ್ಲವೇ ಬಿಳಿ ಹೊಗೆ ಮೋಡದಂತೆ ಕವಿದರೆ ಅದು ಬೇರೆ ಮಾತು. ಟಕಟಕ ಸದ್ದು ಎಂಜಿನ್ ಬಿಸಿಯಾದ ಮೇಲೂ ಉಳಿದರೆ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಮೆಕ್ಯಾನಿಕ್‌ಗೆ ಕೇಳಿಸಿ.

ಲಿಫ್ಟ್ ಮೇಲೆ

ಕಾರು ಮೇಲೆದ್ದ ಮೇಲೆ ಮೆಕ್ಯಾನಿಕ್ ಪಕ್ಕದಲ್ಲೇ ನಿಲ್ಲಿ. ಹೊಟ್ಟೆಯಡಿಯ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿಸದೆ ತಪಾಸಣೆ ಆಯಿತು ಅನ್ನುವಂತಿಲ್ಲ. ನಮ್ಮ ಹಂಪ್ಸ್‌ಗಳು ಆ ಮುಚ್ಚಳವನ್ನು ಎಷ್ಟು ಉಜ್ಜಿವೆ, ಗೇರ್‌ಬಾಕ್ಸ್ ಮತ್ತು ಎಂಜಿನ್ ಕೂಡುವಲ್ಲಿ ಆಯಿಲ್ ಜಿನುಗಿದೆಯೇ, ಬ್ರೇಕ್ ಡಿಸ್ಕ್ ಎಷ್ಟು ಸವೆದಿದೆ ಎಲ್ಲ ಗೊತ್ತಾಗುತ್ತದೆ.

ಎಂಜಿನ್ ಹಿಂದಿದ್ದರೂ ರೇಡಿಯೇಟರ್‌ಗಳು ಮುಂದೆ, ಬಂಪರಿನ ಎರಡೂ ಬದಿಯ ಬಾಯಿಗಳ ಹಿಂದೆ ಕೂತಿವೆ. ಮುಂದೆ ಹೋಗುವ ಕಾರು ಅಲ್ಲಿಂದ ಎಲೆ ನುಂಗುತ್ತಲೇ ಇರುತ್ತದೆ. ನಮ್ಮ ಮೆಕ್ಯಾನಿಕ್ ಟಾರ್ಚ್ ಹಾಕಿ, ಬೆರಳು ತೂರಿಸಿ ಒಂದು ಹಿಡಿ ಎಳೆದ. ಮಳೆಮರದ ಪುಟ್ಟ ಎಲೆಗಳು, ಕೊಳೆತು ಕಾಫಿ ಚರಟದ ಹಾಗಾಗಿದ್ದವು. ಎಲೆಯ ತೇವ ವರ್ಷಗಟ್ಟಲೆ ತಾಗಿ ಎಸಿ ಕಂಡೆನ್ಸರ್ ತಿಂದುಹೋಗಿತ್ತು, ಅಂಚಿನಲ್ಲಿ ಗ್ಯಾಸ್ ಸೋರಿಕೆಯ ಗುರುತಾದ ಎಣ್ಣೆಯ ಜಿಡ್ಡು. ಎಸಿ ಆ ದಿನ ತಂಪಾಗಿಯೇ ಇತ್ತು, ಬೇಸಿಗೆಯವರೆಗೆ ಉಳಿಯುತ್ತಿರಲಿಲ್ಲ.

ಇದೇ ಎಲೆ ರೂಫ್‌ಗೂ ಶತ್ರು. ಬಟ್ಟೆಯ ಚಾವಣಿ ಮಡಚಿಕೊಳ್ಳುವ ಜಾಗದ ಎರಡೂ ಮೂಲೆಯಲ್ಲಿ ನೀರು ಇಳಿಯುವ ತೂತುಗಳಿವೆ. ಅವು ಕಟ್ಟಿಕೊಂಡರೆ ಮಳೆನೀರು ಸೀಟಿನಡಿಯ ಕಾರ್ಪೆಟ್ಟಿಗೆ ಬರುತ್ತದೆ, ಹಳೆಯ ಮಾದರಿಗಳಲ್ಲಿ ಅಲ್ಲೇ ಎಲೆಕ್ಟ್ರಾನಿಕ್ ಪೆಟ್ಟಿಗೆಯೂ ಇದೆ. ಒಂದು ಲೋಟ ನೀರು ಸುರಿಸಿ ನೋಡಿ, ಕೆಳಗೆ ನೆಲಕ್ಕೆ ಇಳಿಯಬೇಕು.

ಪ್ರವಾಹದ ನೀರು ಕುಡಿದ ಕಾರುಗಳೂ ಮಾರುಕಟ್ಟೆಗೆ ಬರುತ್ತವೆ. 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ವಿಲ್ಲಾ ಬಡಾವಣೆಗಳು ಮುಳುಗಿದ್ದನ್ನು ನೆನಪಿಡಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಎಂದೂ ಹೊರಗೆ ಬಾರದ ಆ ಕೊನೆಯ ಮೊಳದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ.

ಪೇಂಟ್ ಮೀಟರ್ ಮಾತು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 160 ಮೈಕ್ರಾನ್ ಆಸುಪಾಸು. 300 ದಾಟಿದರೆ ಮತ್ತೆ ಬಣ್ಣ ಹೊಡೆದಿದ್ದಾರೆ, ಸಾವಿರದ ಲೆಕ್ಕಕ್ಕೆ ಹೋದರೆ ಒಳಗೆ ತಗ್ಗು ಮುಚ್ಚುವ ಪುಟ್ಟಿ ತುಂಬಿದ್ದಾರೆ. 2012ರಿಂದ ಬಂದ ತಲೆಮಾರಿನಲ್ಲಿ ಬಾಗಿಲು, ಬಾನೆಟ್ ಅಲ್ಯೂಮಿನಿಯಂ. ಕಬ್ಬಿಣ ಮಾತ್ರ ಓದುವ ಮೀಟರ್ ಅಲ್ಲಿ ಉಪಯೋಗಕ್ಕೆ ಬಾರದು. ನಮ್ಮ ಕಾರಿನ ಎಡಬಾಗಿಲು 380 ತೋರಿಸಿತು. ಪಾರ್ಕಿಂಗ್ ಕಂಬಕ್ಕೆ ತಾಗಿದ್ದಂತೆ, ಕೇಳಿದ ಮೇಲೆ ಹೇಳಿದರು.

ಟೈರ್ ಎಷ್ಟು ಸವೆದಿದೆ ಎಂಬುದಕ್ಕಿಂತ ಎಷ್ಟು ಹಳೆಯದು ಎಂದು ನೋಡಿ. ಪಕ್ಕದಲ್ಲಿ 2316 ಎಂದಿದ್ದರೆ 2016ರ 23ನೇ ವಾರದ್ದು. ಕಡಿಮೆ ಓಡುವ ಕಾರಿನಲ್ಲಿ ಟೈರಿನ ಹಲ್ಲು ಹಾಗೇ ಇದ್ದರೂ ರಬ್ಬರ್ ಕಲ್ಲಾಗಿರುತ್ತದೆ.

ಕಂಪ್ಯೂಟರ್ ಬಾಯಿ ಬಿಡಲಿ

ಸ್ಕ್ಯಾನರ್ ಹಾಕಿ ಎರರ್ ಕೋಡ್ ಇಲ್ಲ ಅಂದರೆ ಅಲ್ಲಿಗೆ ನಿಲ್ಲಬೇಡಿ, ಹಿಂದಿನ ಸಂಜೆಯೇ ಅಳಿಸಿರಬಹುದು. ಆಗ ‘ರೆಡಿನೆಸ್’ ಪಟ್ಟಿ, ಅಂದರೆ ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡ ಪಟ್ಟಿ, ಅಪೂರ್ಣ ಎಂದು ತೋರಿಸುತ್ತದೆ, ಅದನ್ನು ಕೇಳಿ.

ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕವೂ ಕಾರಿನೊಳಗೇ ಇರುತ್ತದೆ. ನಮ್ಮದು 24,000 ಕಿ.ಮೀ., 1,200 ಗಂಟೆ. ಅಂದರೆ ಗಂಟೆಗೆ 20 ಕಿ.ಮೀ., ಬೆಂಗಳೂರಿನ ಟ್ರಾಫಿಕ್‌ಗೆ ಹೊಂದುವ ಲೆಕ್ಕ. ಅದೇ 1,200 ಗಂಟೆಗೆ ಮೀಟರ್ 9,000 ತೋರಿಸಿದ್ದರೆ ಗಂಟೆಗೆ ಏಳೂವರೆ ಕಿ.ಮೀ. ಆಗುತ್ತಿತ್ತು. ಅಷ್ಟು ನಿಧಾನಕ್ಕೆ ಕಾರು ಓಡುವುದಕ್ಕಿಂತ ಮೀಟರ್ ತಿರುಗಿಸಿರುವ ಸಾಧ್ಯತೆಯೇ ಹೆಚ್ಚು.

ಓವರ್‌ರೆವ್ ರಿಪೋರ್ಟ್ ಮುಖ್ಯವಾಗಿ ಮ್ಯಾನುಯಲ್ ಗೇರಿನ ಕಾರಿಗೆ. ಎಂಜಿನ್ ಮಿತಿಮೀರಿ ತಿರುಗಿದ್ದನ್ನು 2005ರ ನಂತರದ ಕಾರುಗಳು 6 ಹಂತಗಳಲ್ಲಿ ಬರೆದಿಟ್ಟುಕೊಳ್ಳುತ್ತವೆ. ವೇಗದಲ್ಲಿದ್ದಾಗ ಗೇರ್ ತಪ್ಪಿ ಕೆಳಗಿನದಕ್ಕೆ ಬಿದ್ದರೆ ಕೊನೆಯ ಮೂರು ಹಂತಗಳಲ್ಲಿ ಅಂಕಿ ಏರುತ್ತದೆ. ಪಿಡಿಕೆ ಎಂಬ ಪೋರ್ಷೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಅಂಥ ತಪ್ಪಿಗೆ ಅವಕಾಶ ಕೊಡುವುದಿಲ್ಲ. ಆದರೆ ಹೊರಡುವಾಗ ಅದು ಜಗ್ಗುತ್ತದೆಯೇ ಎಂದು ಇಳಿಜಾರಿನಲ್ಲಿ, ಟ್ರಾಫಿಕ್‌ನಲ್ಲಿ ಓಡಿಸಿಯೇ ತಿಳಿಯಬೇಕು.

ವರದಿ ಕೈಗೆ ಬಂದ ಮೇಲೆ

ಫೋಟೊ ಸಮೇತ ಬರಹದಲ್ಲಿ ಪಡೆಯಿರಿ. ಪ್ರತಿ ದೋಷದ ಮುಂದೆ ರಿಪೇರಿಯ ಅಂದಾಜು ಖರ್ಚು, ಈಗಲೇ ಆಗಬೇಕೋ ವರ್ಷದೊಳಗೋ ಎಂಬ ಟಿಪ್ಪಣಿ ಇರಲಿ. ನಾವು ಕಂಡೆನ್ಸರ್, ನಾಲ್ಕು ಟೈರ್, ಬ್ರೇಕ್ ಆಯಿಲ್ ಖರ್ಚನ್ನು ಮಾಲೀಕರ ಮುಂದಿಟ್ಟೆವು. ಬಾಗಿಲಿನ ವಿಷಯಕ್ಕೆ ಚೌಕಾಸಿ ಮಾಡಲಿಲ್ಲ. ಫೋಟೊಗಳನ್ನು ನೋಡಿದ ಅವರು ಹೆಚ್ಚು ವಾದಿಸದೆ ಅಷ್ಟನ್ನೂ ಇಳಿಸಿದರು. ಕಾರು ಈಗ ನನ್ನ ಅಳಿಯನ ಹತ್ತಿರ ಇದೆ.

ಕಾರು ತರುವ ದಿನ ಎರಡು ಕೀ, ಸರ್ವಿಸ್ ಪುಸ್ತಕದ ಜತೆಗೆ ಚಕ್ರದ ಲಾಕ್ ಬೋಲ್ಟ್ ಬಿಚ್ಚುವ ಅಡಾಪ್ಟರ್ ಕೇಳಿ ಪಡೆಯಿರಿ. ಹೆಬ್ಬೆರಳಿನಷ್ಟು ದಪ್ಪದ ಆ ತುಂಡು ಇಲ್ಲದಿದ್ದರೆ ಪಂಕ್ಚರ್ ಅಂಗಡಿಯವರು ಚಕ್ರ ಬಿಚ್ಚಲಾರರು, ಈ ಕಾರಿನಲ್ಲಿ ಸ್ಟೆಪ್ನಿಯೂ ಇಲ್ಲ.