ಮಂಗಳೂರಲ್ಲಿ ಬಾಡಿಗೆ ಮನೆ ನೋಡುವುದಾದರೆ ಮಳೆಗಾಲದಲ್ಲೇ ನೋಡಿ

ಬೇಸಿಗೆಯಲ್ಲಿ ಪೇಂಟ್ ಬಳಿದ ಮನೆ ಎಲ್ಲವೂ ಚಂದವೇ, ಅಲ್ವಾ? ನಾನೂ ಹಾಗೇ ಮಾರ್ಚ್‌ನಲ್ಲಿ ಒಂದು ಮನೆ ಒಪ್ಪಿಕೊಂಡೆ. ಜುಲೈನಲ್ಲಿ ಕಪಾಟು ತೆಗೆದರೆ ಚರ್ಮದ ಬೆಲ್ಟ್ ತುಂಬಾ ಬಿಳಿ ಬೂಷ್ಟು! ಆದ್ದರಿಂದ ಜೂನ್-ಜುಲೈನಲ್ಲಿ ಹೋಗಿ, ಕಪಾಟಿನ ಹಿಂದಿನ ಗೋಡೆ ಕೈಯಿಂದ ಮುಟ್ಟಿ ನೋಡಿ, ಮೇಲಿನ ಮಹಡಿಯಾದರೆ ತಾರಸಿಗೆ ಶೀಟು ಹಾಕಿದ್ದಾರಾ ಅಂತ ಕೇಳಿ.

ಕೊಟ್ಟಾರ ಚೌಕಿ, ಪಂಪ್‌ವೆಲ್ ಕಡೆ ತಗ್ಗಿನಲ್ಲಿರುವ ನೆಲಮಹಡಿ ಮನೆಯಾದರೆ ಓನರ್ ಮಾತು ಬಿಡಿ, ಪಕ್ಕದ ಅಂಗಡಿಯವರನ್ನು ಕೇಳಿ, ನೀರು ಎಲ್ಲಿವರೆಗೆ ಬಂತು ಅಂತ ಅವರೇ ಗೋಡೆ ಮೇಲೆ ತೋರಿಸುತ್ತಾರೆ.

ಕದ್ರಿ, ಬಿಜೈಯಲ್ಲಿ ಬಾಡಿಗೆ ಜಾಸ್ತಿ. ದೇರಳಕಟ್ಟೆಯಲ್ಲಿ ಮೆಡಿಕಲ್ ಕಾಲೇಜಿನ ಹುಡುಗರಿಗೆ ತಲೆಲೆಕ್ಕದಲ್ಲಿ ಕೊಡುವವರೂ ಇದ್ದಾರೆ, ಸಂಸಾರಸ್ಥರು ಅಲ್ಲಿ ಚೌಕಾಸಿ ಮಾಡುವುದು ಕಷ್ಟ.

ನೀರಿನ ವಿಷಯ ಮರೆಯಬೇಡಿ. ನಗರಕ್ಕೆ ನೀರು ಬರುವುದು ನೇತ್ರಾವತಿಯ ತುಂಬೆ ಡ್ಯಾಮಿನಿಂದ. ಏಪ್ರಿಲ್-ಮೇನಲ್ಲಿ ಅದು ಕಡಿಮೆಯಾದರೆ ಟ್ಯಾಂಕರ್ ದುಡ್ಡು ಯಾರದ್ದು? ಮೊದಲೇ ಬರೆಸಿಕೊಳ್ಳಿ. ಕಡಲ ಹತ್ತಿರದ ಮನೆಯಾದರೆ ಬಾವಿ ನೀರಿನ ರುಚಿ ನೋಡಿ, ಉಪ್ಪಿರಬಹುದು.

ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳದ್ದು. ವರ್ಷ ದಾಟಿದರೆ ನೋಂದಣಿ ಕಡ್ಡಾಯ, ಅದಕ್ಕೇ ಈ ಲೆಕ್ಕ. ಬಿಡುವಾಗ ಪೇಂಟಿಂಗ್‌ಗೆ ಅಂತ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತಾರೆ ಅನ್ನುವುದೂ ಅದರಲ್ಲೇ ಇರಲಿ.