ಊರಿನ ರಸ್ತೆಗೆ ಸರ್ಕಾರಿ ಅನುದಾನ ಪಡೆಯುವುದು ಹೇಗೆ?

ಅನುದಾನ ಕೇಳುವ ಮೊದಲು ರಸ್ತೆ ಯಾರ ಸುಪರ್ದಿಯಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೂ, ಹಳ್ಳಿ ರಸ್ತೆಗಳು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೂ, ಊರೊಳಗಿನ ಬೀದಿಗಳು ಆಯಾ ಸ್ಥಳೀಯ ಸಂಸ್ಥೆಗೂ ಸೇರುತ್ತವೆ. ದಾವಣಗೆರೆ, ಚಿತ್ರದುರ್ಗಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಸರ್ವಿಸ್ ರಸ್ತೆಯ ಗುಂಡಿಗೆ ಗ್ರಾಮ ಪಂಚಾಯಿತಿಯಲ್ಲಿ ಅರ್ಜಿ ಕೊಟ್ಟರೆ ಕೈಗೆ ಬರುವುದು ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಮಾತ್ರ.

ಎರಡನೆಯದು ಜಾಗದ ದಾಖಲೆ. ಹೊಲಗಳ ನಡುವಿನ ದಾರಿಯಾದರೆ ಇದೇ ದೊಡ್ಡ ತೊಡಕು. ಭೂದಾಖಲೆ ಇಲಾಖೆಯ ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಗುರುತಾಗಿದೆಯೇ ಎಂದು ನೋಡಿ. ದಾರಿ ಯಾವ ಸರ್ವೆ ನಂಬರುಗಳ ಮೂಲಕ ಹಾಯುತ್ತದೆ ಎಂಬುದು ದಿಶಾಂಕ್ ಆ್ಯಪ್‌ನಲ್ಲಿ ತಿಳಿಯುತ್ತದೆ. ತಲೆಮಾರುಗಳಿಂದ ಓಡಾಡಿದ ದಾರಿಯೂ ನಕಾಶೆಯಲ್ಲಿ ಇಲ್ಲದಿರಬಹುದು. ಆಗ ಜಮೀನುದಾರರ ಲಿಖಿತ ಒಪ್ಪಿಗೆ ಮೊದಲೇ ಪಡೆಯದಿದ್ದರೆ, ಟೆಂಡರ್ ಆದ ಮೇಲೆ ತಕರಾರು ಎದ್ದು ಬಂದ ಹಣವೂ ಬೇರೆ ಊರಿನ ಪಾಲಾಗುತ್ತದೆ.

ಮೂರನೆಯದಾಗಿ ವಾರ್ಡ್ ಸಭೆಯಲ್ಲಿ ಬೇಡಿಕೆಯನ್ನು ಬರೆಸಿ, ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಿ, ಅದರ ದೃಢೀಕೃತ ಪ್ರತಿ ಪಡೆಯಿರಿ. ಮುಂದಿನ ವರ್ಷದ ಯೋಜನೆ ತಯಾರಿಸುವ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರಿಂದ ಶುರುವಾಗುವುದರಿಂದ ಆ ಹೊತ್ತಿಗೆ ಸಿದ್ಧರಿರಬೇಕು. ‘ನಮ್ಮೂರ ರಸ್ತೆ ಹಾಳಾಗಿದೆ, ಸರಿಪಡಿಸಿ’ ಎಂಬ ಒಕ್ಕಣೆ ಎಂಜಿನಿಯರಿಗೆ ಏನನ್ನೂ ಹೇಳುವುದಿಲ್ಲ. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಕಿಲೋಮೀಟರ್, ಯಾವ ಹಳ್ಳದ ಬಳಿ ನೀರು ನಿಂತು ಶಾಲೆಯ ಹೊತ್ತಿನ ಬಸ್ಸು ಹಿಂದಕ್ಕೆ ತಿರುಗುತ್ತದೆ ಎಂಬುದನ್ನು ಫೋಟೊ ಸಹಿತ ಬರೆಯಿರಿ. ಭದ್ರಾ ಅಚ್ಚುಕಟ್ಟಿನ ಎರೆಭೂಮಿಯಾದರೆ ಅದನ್ನೂ ನಮೂದಿಸಬೇಕು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ತಳಪಾಯ ಮತ್ತು ಮೋರಿಗೆ ಹಣ ಇಡದೆ ಮೇಲೆ ಡಾಂಬರು ಬಳಿದರೆ ಅದು ಬಾಳುವುದಿಲ್ಲ.

ಇನ್ನು ಹಣದ ಮೂಲ. ಸಣ್ಣ ಕೆಲಸಕ್ಕೆ ಪಂಚಾಯಿತಿಗೆ ಬರುವ ಹಣಕಾಸು ಆಯೋಗದ ಅನಿರ್ಬಂಧಿತ (ಇಂಥ ಕೆಲಸಕ್ಕೇ ಎಂಬ ಕಟ್ಟುಪಾಡಿಲ್ಲದ) ಅನುದಾನ ಸಾಕು. ಬಸ್ ತಂಗುದಾಣ, ಕಿರುಸೇತುವೆಯಂಥವಕ್ಕೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿಯ ವಾರ್ಷಿಕ 2 ಕೋಟಿ ಅಥವಾ ಸಂಸದರ ನಿಧಿಯ 5 ಕೋಟಿ ರೂಪಾಯಿಯಲ್ಲಿ ಪಾಲು ಕೇಳಬಹುದು. ಇಡೀ ಕ್ಷೇತ್ರಕ್ಕೆ ಹಂಚಿದಾಗ ಇದು ದೊಡ್ಡ ಮೊತ್ತವಲ್ಲ ಎಂಬ ಎಚ್ಚರವೂ ಇರಲಿ. ಪರಿಶಿಷ್ಟರ ಕಾಲೊನಿಗಳಿಗೆ ರಾಜ್ಯದ 2013ರ ಪರಿಶಿಷ್ಟ ಜಾತಿ, ಬುಡಕಟ್ಟು ಉಪಯೋಜನೆ ಕಾಯ್ದೆಯಡಿ ಮೀಸಲಿಡುವ ಹಣವಿದೆ. ಚಿತ್ರದುರ್ಗ ಜಿಲ್ಲೆಗೆ ಮತ್ತೊಂದು ಬಾಗಿಲು ಉಂಟು: ಭೀಮಸಮುದ್ರದ ಆಸುಪಾಸಿನಂತೆ ಅದಿರು ಲಾರಿಗಳ ಹೊರೆ ಹೊತ್ತ ಊರುಗಳವರು ಗಣಿ ಗುತ್ತಿಗೆದಾರರು ಕಟ್ಟುವ ಹಣದಿಂದ ನಡೆಯುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಗೆ ಪ್ರಸ್ತಾವ ಸಲ್ಲಿಸಬಹುದು. ಅದರಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣಗಳಿಗೆ ಆದ್ಯತೆಯಾದರೂ ರಸ್ತೆಗೂ ಅವಕಾಶವಿದೆ. ಎಲ್ಲರಿಗೂ ಒಂದೇ ಮನವಿಯ ಜೆರಾಕ್ಸ್ ಹಂಚುವ ರೂಢಿ ಬೇಡ. ‘ಬೇರೆ ನಿಧಿಯಲ್ಲಿ ಪರಿಗಣನೆಯಲ್ಲಿದೆ’ ಎಂದು ಪ್ರತಿಯೊಬ್ಬರೂ ಕೈತೊಳೆದುಕೊಳ್ಳಲು ಅದೇ ನೆಪವಾಗುತ್ತದೆ.

ನಿಧಿ ಗೊತ್ತಾದ ಮೇಲೆ ಅಂದಾಜು ಪಟ್ಟಿ, ಕ್ರಿಯಾಯೋಜನೆ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶಗಳ ದಾರಿಯಲ್ಲಿ ಕಡತ ಸಾಗುತ್ತದೆ. ‘ಫೈಲು ಮೇಲೆ ಹೋಗಿದೆ’ ಎಂಬ ಉತ್ತರಕ್ಕೆ ತೃಪ್ತರಾಗದೆ, ಯಾವ ಕಚೇರಿಗೆ, ಯಾವ ಪತ್ರ ಸಂಖ್ಯೆಯಲ್ಲಿ, ಯಾವ ದಿನಾಂಕದಂದು ಹೋಯಿತು ಎಂದು ಕೇಳಿ ಬರೆದುಕೊಳ್ಳಿ.

ಕೆಲಸ ಆರಂಭವಾದೊಡನೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅಂದಾಜು ಪಟ್ಟಿಯ ನಕಲು ಕೇಳಿ, ಪುಟಗಳ ವೆಚ್ಚ ಕಟ್ಟಿ ಪಡೆಯಿರಿ. ಜಲ್ಲಿಯ ಪದರದ ದಪ್ಪ, ಮೋರಿಗಳ ಸಂಖ್ಯೆ ಎಲ್ಲವೂ ಅದರಲ್ಲಿರುತ್ತವೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಮುಗಿದ ಮೇಲಿನ 5 ವರ್ಷಗಳ ನಿರ್ವಹಣೆಯೂ ಗುತ್ತಿಗೆದಾರರದೇ ಹೊಣೆಯಾದ್ದರಿಂದ, ಆ ಅವಧಿಯಲ್ಲಿ ಗುಂಡಿ ಬಿದ್ದರೆ ಹೊಸ ಅನುದಾನಕ್ಕೆ ಅಲೆಯಬೇಕಿಲ್ಲ. ಫೋಟೊ ತೆಗೆದು ‘ಮೇರಿ ಸಡಕ್’ ಆ್ಯಪ್‌ನಲ್ಲಿ ದೂರು ದಾಖಲಿಸಬಹುದು.