ಹೊಗಳದೆ ಒಂದು ತಿಂಗಳು ಸಂಗೀತದ ಬಗ್ಗೆ ಬರೆದೆ

ದಿನಕ್ಕೊಂದು ಹಿಂದೂಸ್ತಾನಿ ಸಂಗೀತದ ರೆಕಾರ್ಡಿಂಗ್ ಕೇಳಬೇಕು, ದಿನಕ್ಕೊಂದು ಟಿಪ್ಪಣಿ ಬರೆಯಬೇಕು. ಟಿಪ್ಪಣಿಯಲ್ಲಿ ಹೊಗಳಿಕೆಯ ಮಾತು ಒಂದೂ ಇರಬಾರದು. ಓದಿದವರು ಅದನ್ನು ಹಿಡಿದುಕೊಂಡು ಹಾಡನ್ನು ಗುರುತಿಸುವಂತಿರಬೇಕು. ಇಷ್ಟೇ ನನ್ನ ಪದ್ಧತಿ. ಇದು ಆಗೋ ಮಾತಲ್ಲ ಅಂದವರೇ ಜಾಸ್ತಿ. ಒಂದು ತಿಂಗಳು ಬಿಡದೆ ಮಾಡಿದೆ, ಆಯಿತು. ಆಗ ತಲೆ ಅಲ್ಲಾಡಿಸಿದವರೇ ಈಗ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ, ಅದಕ್ಕೇ ಈ ಬರಹ.

ರಾಗ ಅಂದರೇನು, ಘರಾಣೆ ಅಂದರೇನು ಅಂತ ಇಲ್ಲಿ ಹೇಳುವುದಿಲ್ಲ. ಹಳೇ ಗ್ರಾಮಫೋನ್ ಪ್ಲೇಟುಗಳನ್ನು ಕೇಳುವ ಚಟ ಇದ್ದವರಿಗೆ ಅದೆಲ್ಲ ಗೊತ್ತೇ ಇರುತ್ತೆ.

ಮೊದಲು ನೆಲಕಚ್ಚಿದ್ದನ್ನು ಹೇಳಿಬಿಡುತ್ತೇನೆ. ಇದಕ್ಕೂ ಮುಂಚೆ ಎರಡು ಮೂರು ಸಲ ಕೈಹಾಕಿ ಅರ್ಧಕ್ಕೇ ಬಿಟ್ಟಿದ್ದೆ. ಒಂದು ಸಲ ಗಾಯಕರ ಜೀವನ ಬರೆಯಲು ಹೋದೆ. ಮಲ್ಲಿಕಾರ್ಜುನ ಮನ್ಸೂರರು 1910ರಲ್ಲಿ ಹುಟ್ಟಿದ್ದು, ಮೊದಲು ಮಿರಜಿನ ನೀಲಕಂಠಬುವಾ ಅವರ ಹತ್ತಿರ, ಆಮೇಲೆ ಮಂಜಿ ಖಾನ್, ಭುರ್ಜಿ ಖಾನ್ ಅವರ ಹತ್ತಿರ ಕಲಿತದ್ದು, ಎಲ್ಲ ಬರೆದೆ. ಎಲ್ಲ ಸರಿ ಇತ್ತು, ಹಾಡೊಂದೇ ಇರಲಿಲ್ಲ. ಇನ್ನೊಂದು ಸಲ ಆರೋಹ ಅವರೋಹ, ವಾದಿ ಸಂವಾದಿ ಅಂತ, ಅಂದರೆ ರಾಗದ ಸ್ವರಗಳ ಏರಿಳಿತ, ಮುಖ್ಯ ಸ್ವರಗಳ ವ್ಯಾಕರಣ ಹಿಡಿದು ಹೊರಟೆ. ವಾರ ಕಳೆಯುವಷ್ಟರಲ್ಲಿ ನನಗೇ ಆಕಳಿಕೆ ಬಂತು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಪತ್ರಿಕೆಯ ವಿಮರ್ಶೆಯ ಧಾಟಿ. ರಸದೌತಣ ಉಣಬಡಿಸಿದರು, ಶ್ರೋತೃಗಳನ್ನು ಮಂತ್ರಮುಗ್ಧರನ್ನಾಗಿಸಿದರು, ಗಂಧರ್ವಲೋಕಕ್ಕೆ ಕರೆದೊಯ್ದರು. ಮದುವೆ ಕರೆಯೋಲೆಯ ಹಾಗೆ, ಹೆಸರು ಬದಲಿಸಿದರೆ ಯಾರಿಗೂ ಆಗುತ್ತೆ.

ಹಾಗಾಗಿ ಈ ಸಲ ಹೊಗಳುವ ಪದಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿದೆ. ಇವು ಬಂದರೆ ಟಿಪ್ಪಣಿ ಹರಿದುಹಾಕಬೇಕು. ಸುಮಧುರ, ಅದ್ಭುತ, ಅಪ್ರತಿಮ, ಭಾವಪೂರ್ಣ. 'ಭಾವಪೂರ್ಣ' ಬಿಡೋದು ಕಷ್ಟ ಆಯಿತು, ಪೆನ್ನು ತಾನಾಗೇ ಅಲ್ಲಿಗೆ ಹೋಗುತ್ತೆ.

ನನಗೆ ಪರಿಚಯದ ತಬಲಾದವರೊಬ್ಬರಿದ್ದಾರೆ. ಧಾರವಾಡದ ಕಡೆಯವರು, ಅರವತ್ತು ದಾಟಿದೆ. ಈ ಯೋಜನೆ ಹೇಳಿದಾಗ ಅವರು ಹೇಳಿದ್ದು ಇಷ್ಟು: "ಸರ, ನೀವು ಹಾಡಂಗಿಲ್ಲ, ಬಾರಸಂಗಿಲ್ಲ. ಈಗ ಹೊಗಳೂದೂ ಬ್ಯಾಡ ಅಂತೀರಿ. ಮತ್ತ ಬರಿಯೂದರ ಏನು?" ಅವರಿಗೆ ಉತ್ತರ ಕೊಡಬೇಕು ಅನ್ನೋ ಹಟವೂ ಸ್ವಲ್ಪ ಇತ್ತು ಅನ್ನಿ.

ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟುಗಳಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಹತ್ತಿಂಚಿನ ಪ್ಲೇಟಿನಲ್ಲಿ ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ. ಹತ್ತು ಹನ್ನೆರಡು ನಿಮಿಷದಲ್ಲಿ ಮೂರು ಸಲ ಕೇಳಿ ಮುಗಿಸಬಹುದು. ಒಂದು ಗಂಟೆಯ ಖ್ಯಾಲ್ ಗಾಯನ ಇಟ್ಟುಕೊಂಡು ದಿನಕ್ಕೊಂದು ಬರೆಯುತ್ತೇನೆ ಅಂದರೆ ನಾಲ್ಕನೇ ದಿನಕ್ಕೆ ಸುಸ್ತು. ವಿಳಂಬಿತ್ (ನಿಧಾನಗತಿಯ) ಏಕತಾಳದ ಒಂದು ಆವರ್ತನವೇ, ಅಂದರೆ ತಾಳದ ಒಂದು ಪೂರ್ತಿ ಸುತ್ತೇ, ಕೆಲವರಲ್ಲಿ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಹಿಡಿಯುತ್ತೆ. ಆ ಲೆಕ್ಕದಲ್ಲಿ ಪ್ಲೇಟಿನ ಒಂದು ಮಗ್ಗುಲಿಗೆ ಮೂರೋ ನಾಲ್ಕೋ ಆವರ್ತನ ಅಷ್ಟೇ. ಅದಕ್ಕೇ ಆ ಕಾಲದವರು ಆಲಾಪವನ್ನು ಕೆಲವೇ ಸೆಕೆಂಡಿಗೆ ಮುಗಿಸಿ ಸೀದಾ ವೇಗದ ಸ್ವರಗಳ ಓಟಕ್ಕೆ, ಅಂದರೆ ತಾನ್‌ಗೆ ಬರುತ್ತಿದ್ದರು. ಬರೆಯುವವನಿಗೆ ಇದು ಅನುಕೂಲ, ಪ್ರತಿ ಹತ್ತು ಸೆಕೆಂಡಿಗೆ ಏನಾದರೂ ಆಗುತ್ತಿರುತ್ತೆ.

ಕೇಳುವ ಕ್ರಮ ಹೀಗೆ. ಬೆಳಿಗ್ಗೆ ಒಂದು ಸಲ, ಕೈಯಲ್ಲಿ ಪೆನ್ನು ಇಲ್ಲದೆ. ಎರಡನೇ ಸಲ ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು. ಎಲ್ಲಿ ಕಿವಿ ನಿಮಿರುತ್ತೋ ಅಲ್ಲಿ ಸಮಯ ಬರೆದುಕೊಳ್ಳಬೇಕು, ಅಲ್ಲಿ ನಡೆದದ್ದೇನು ಅಂತ ಆಮೇಲೆ ನೋಡಿಕೊಂಡರಾಯಿತು. ಮೂರನೇ ಸಲ ರಾತ್ರಿ, ಬರೀ ಗುರುತು ಹಾಕಿದ ಜಾಗಗಳನ್ನು. ಅದರಲ್ಲಿ ಒಂದೇ ಒಂದನ್ನು ಆರಿಸಿ ಬರೆಯಬೇಕು. ಮಿಕ್ಕದ್ದನ್ನು ಬಿಡೋದಕ್ಕೆ ಧೈರ್ಯ ಬೇಕು. ನಾಳೆ ಯಾವ ಪ್ಲೇಟು ಅನ್ನೋದನ್ನು ಆರಿಸಲು ನನ್ನದೊಂದು ಉಪಾಯ ಇದೆ. ಮೂರನೇ ವಾರದಲ್ಲಿ ಬರೆಯಲು ಏನೂ ಇಲ್ಲ ಅನಿಸಿದಾಗ ನನ್ನನ್ನು ಉಳಿಸಿದ್ದೇ ಅದು. ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ಒಂದು ದಿನದ ಟಿಪ್ಪಣಿ ಹೀಗಿತ್ತು (ಮೇಲಿನ ಷಡ್ಜ ಅಂದರೆ ಮೇಲಿನ 'ಸ', ನಿಷಾದ ಅದಕ್ಕೆ ಮುಂಚಿನ ಸ್ವರ; ಠೇಕಾ ತಬಲಾದ ತಾಳದ ನಡೆ; ಮುಖಡಾ ಹಾಡಿನ ಪಲ್ಲವಿಯ ಮೊದಲ ತುಣುಕು; ಸಮ್ ತಾಳದ ಮೊದಲ ಪೆಟ್ಟು): 'ಐವತ್ತನೇ ಸೆಕೆಂಡಿನ ಹತ್ತಿರ ಗಾಯಕಿ ನಿಷಾದದ ಮೇಲೆ ನಿಲ್ಲುತ್ತಾರೆ. ಮೇಲಿನ ಷಡ್ಜ ಮುಟ್ಟುತ್ತಾರೆ ಅಂತ ನಾವು ಕಾಯುತ್ತಿರುತ್ತೇವೆ, ಮುಟ್ಟದೆ ಇಳಿಯುತ್ತಾರೆ. ಎರಡನೇ ಸಲವೂ ಹಾಗೇ. ಮೂರನೇ ಸಲ ಮುಟ್ಟುತ್ತಾರೆ, ಅಷ್ಟರಲ್ಲಿ ಠೇಕಾ ಮುಂದೆ ಹೋಗಿದೆ. ಮುಖಡಾದ ಮೊದಲೆರಡು ಅಕ್ಷರ ನುಂಗಿ ಸಮ್‌ಗೆ ಬಂದು ಬೀಳುತ್ತಾರೆ. ತಬಲಾದವರು ಆ ಸಮ್ ಅನ್ನು ಸ್ವಲ್ಪ ಜೋರಾಗಿ ಬಾರಿಸುತ್ತಾರೆ.' ಇಷ್ಟೇ. ಚೆನ್ನಾಗಿ ಹಾಡಿದ್ದಾರೆ ಅಂತ ಎಲ್ಲೂ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ.

ಪರೀಕ್ಷೆ ಮಾಡಿದ್ದು ಹೀಗೆ. ಹಾಡಿದವರ ಹೆಸರು ಮುಚ್ಚಿ ಟಿಪ್ಪಣಿಯನ್ನು ಗೆಳೆಯರಿಗೆ ಕೊಡುತ್ತಿದ್ದೆ. ಜೊತೆಗೆ ಮೂರು ರೆಕಾರ್ಡಿಂಗ್. ಟಿಪ್ಪಣಿ ಇದರಲ್ಲಿ ಯಾವುದರದ್ದು? ನಿಮಿಷ ಸೆಕೆಂಡನ್ನೂ ತೆಗೆದುಬಿಡುತ್ತಿದ್ದೆ, ಇಲ್ಲದಿದ್ದರೆ ಸುಲಭ ಆಗುತ್ತಲ್ವಾ. ನನ್ನ ಹಳೇ ರಸದೌತಣದ ಬರಹ ಕೊಟ್ಟಾಗ ಎಲ್ಲರೂ ಸುಮ್ನೆ ಊಹೆ ಮಾಡಿದರು, ಮೂರಕ್ಕೊಂದು ಸರಿ ಬಂದರೆ ಅದೇ ದೊಡ್ಡದು. ಹೊಸ ಟಿಪ್ಪಣಿ ಕೊಟ್ಟಾಗ ಐದರಲ್ಲಿ ನಾಲ್ಕು ಸಲ ಸರಿ ಹಿಡಿದರು, ಹೆಚ್ಚುಕಡಿಮೆ. ಅದರಲ್ಲಿ ಒಬ್ಬಾಕೆಗೆ ರಾಗದ ಗಂಧವೇ ಇಲ್ಲ, ಸಿನಿಮಾ ಹಾಡು ಬಿಟ್ಟರೆ ಬೇರೆ ಕೇಳುವವರಲ್ಲ. ನಿಷಾದ ಅಂದರೇನು ಅಂತ ಗೊತ್ತಿಲ್ಲದಿದ್ದರೂ 'ಮೇಲೆ ಹೋಗ್ತೀನಿ ಹೋಗ್ತೀನಿ ಅಂತ ಹೋಗದೇ ಇರೋದು' ಅಂತ ಸರಿಯಾದ ಜಾಗಕ್ಕೆ ಬೆರಳಿಟ್ಟರು. ತಬಲಾದವರು ಮೂರನ್ನೂ ಪೂರ್ತಿ ಕೇಳಲೇ ಇಲ್ಲ. ಎರಡನೆಯದರ ಆ ಸಮ್ ಬಂದ ತಕ್ಷಣ ಕೈಯೆತ್ತಿ "ಇದ ಐತಿ ನೋಡ್ರಿ" ಅಂದರು. ಆಮೇಲೆ, "ಆ ಸಮ್ ಜೋರ್ ಬಿದ್ದದ್ದು ಸಿಟ್ಟಿಗೆ ಸರ, ಖುಷಿಗಲ್ಲ" ಅಂತ ಒಂದು ಮಾತು ಸೇರಿಸಿದರು. ಅದು ನನಗೆ ಹೊಳೆದಿರಲಿಲ್ಲ.

ಇನ್ನು ದುಡ್ಡು. ಸೆಕೆಂಡ್ ಹ್ಯಾಂಡ್ ಪ್ಲೇಯರಿಗೆ ಏಳು ಸಾವಿರದ ಹತ್ತಿರ. 78ರ ಪ್ಲೇಟಿಗೆ ಬೇರೆ ಮುಳ್ಳು ಬೇಕು. ಎಲ್‌ಪಿ ಮುಳ್ಳು ಅದರ ಗೀರಿಗೆ ತೀರಾ ಸಣ್ಣದು, ತಳಕ್ಕೆ ಹೋಗಿ ಕೂತು ಬರೀ ಕರಕರ ಅನ್ನುತ್ತೆ. ಆ ಮುಳ್ಳಿಗೆ ಎರಡೂವರೆ ಸಾವಿರ. ಪ್ಲೇಟುಗಳು ಒಂದಕ್ಕೆ ಇನ್ನೂರರಿಂದ ಐನೂರು. ಒಬ್ಬ ವ್ಯಾಪಾರಿ ಒಂದು ಕಟ್ಟನ್ನು ಒಟ್ಟಿಗೇ ಎರಡು ಸಾವಿರಕ್ಕೆ ಕೊಟ್ಟ, ಮೇಲಿನ ನಾಲ್ಕು ಥಳಥಳ ಅಂತಿದ್ದವು, ಕೆಳಗಿನವು ಸೀಳಿದ್ದವು. ಕೊರಿಯರಿನಲ್ಲಿ ತರಿಸಿದ್ದರಲ್ಲಿ ಎರಡು ಚೂರಾಗಿ ಬಂದವು. ಹೆಡ್‌ಫೋನ್ ಸೇರಿ ಒಟ್ಟು ಹದಿನೆಂಟು ಸಾವಿರದ ಹತ್ತಿರ ಹೋಗಿದೆ. ಮನೆಯಲ್ಲಿ ಹನ್ನೆರಡು ಅಂತ ಹೇಳಿದ್ದೇನೆ. ಬಂದದ್ದು? ಒಂದು ಪುರವಣಿಯವರು ಐದಾರು ಟಿಪ್ಪಣಿ ತೆಗೆದುಕೊಂಡು ಒಂದಕ್ಕೆ ಐನೂರು ಕೊಟ್ಟರು. ಅಚ್ಚಾದಾಗ ನೋಡಿದರೆ ಮೊದಲನೇ ಸಾಲಿನಲ್ಲೇ ಅವರು 'ಸುಮಧುರ' ಸೇರಿಸಿದ್ದರು.

ಪ್ಲೇಟು ತೊಳೆಯುವವರಿಗೆ ಒಂದು ಮಾತು. ಸ್ಪಿರಿಟ್ ಮುಟ್ಟಿಸಬೇಡಿ. 78ರ ಪ್ಲೇಟು ಅರಗಿನದು, ಸ್ಪಿರಿಟ್ಟಿಗೆ ಕರಗುತ್ತೆ. ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು, ಮೆತ್ತನೆ ಬಟ್ಟೆ, ಲೇಬಲ್ ನೆನೆಯಬಾರದು.

ನನ್ನ ಪ್ಲೇಯರಿನಲ್ಲಿ 78ರ ವೇಗವೇ ಇರಲಿಲ್ಲ. ಇದ್ದದ್ದು 33 ಮತ್ತು 45. ಹಣ ಉಳಿಸಲು ಗೊತ್ತಿದ್ದೇ ಅದನ್ನು ತಂದೆ. 45ರಲ್ಲಿ ಬಾರಿಸಿ ಕಂಪ್ಯೂಟರಿನ ಆಡಾಸಿಟಿ ಅನ್ನೋ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿ, ವೇಗ ಬದಲಿಸುವ ಕಡೆ 45ರಿಂದ 78 ಅಂತ ಕೊಟ್ಟರೆ 1.73 ಪಟ್ಟು ಏರಿ ಸರಿಯಾಗುತ್ತೆ. ಸಂಗ್ರಹಕಾರರು ಇದನ್ನು ಕೇಳಿ ಮೂಗು ಮುರಿದರು. ಮುರಿಯಲಿ. ಇದರಿಂದ ನನಗೆ ಸಿಕ್ಕ ಲಾಭ ಅವರಿಗೆ ಸಿಕ್ಕಿಲ್ಲ. 45ರಲ್ಲಿ ಓಡುವಾಗ ಮೂರು ನಿಮಿಷದ ಹಾಡು ಐದು ನಿಮಿಷ ದಾಟುತ್ತೆ. ಶ್ರುತಿ ಪಾತಾಳಕ್ಕೆ ಇಳಿಯುತ್ತೆ ನಿಜ, ಆದರೆ ತಾನ್ ಒಂದೊಂದು ಸ್ವರವಾಗಿ ಬಿಚ್ಚಿಕೊಳ್ಳುತ್ತೆ. ಗಾಯಕರು ಉಸಿರು ಎಲ್ಲಿ ಕದಿಯುತ್ತಾರೆ ಅಂತ ಸ್ಪಷ್ಟವಾಗಿ ಕೇಳಿಸುತ್ತೆ. ನನ್ನ ಒಳ್ಳೇ ಟಿಪ್ಪಣಿಗಳಲ್ಲಿ ಅರ್ಧ ಅಲ್ಲಿಂದ ಬಂದವು.

ಅಲ್ಲಿಂದ ಇನ್ನೊಂದು ಹುಚ್ಚು ಹತ್ತಿತು. ಪ್ಲೇಟಿನಲ್ಲಿ ಕೇಳುವ ಶ್ರುತಿ ಹಾಡಿದವರ ನಿಜವಾದ ಶ್ರುತಿಯೇನಾ? ಹಳೇ ಪ್ಲೇಟುಗಳಲ್ಲಿ ಎಷ್ಟೋ ಸರಿಯಾಗಿ 78ಕ್ಕೇ ಮುದ್ರಣ ಆಗಿರಲಿಲ್ಲ. ನಾಲ್ಕೂವರೆ ಸುತ್ತು ವ್ಯತ್ಯಾಸ ಆದರೆ ಸಾಕು, ಹಾರ್ಮೋನಿಯಂನಲ್ಲಿ ಒಂದು ಮನೆ ಆಚೀಚೆ ಆಗುತ್ತೆ. ಶ್ರುತಿ ಕಪ್ಪು ಎರಡು (ಹಾರ್ಮೋನಿಯಂನ ಎರಡನೇ ಕಪ್ಪು ಮನೆ) ಅಂತ ನಾವು ಖಾತ್ರಿ ಮಾಡಿಕೊಂಡದ್ದು ಬಿಳಿ ಎರಡೂ ಇರಬಹುದು. ಎರಡು ಮೂರು ಸಂಜೆ ಹಾರ್ಮೋನಿಯಂ ಪಕ್ಕಕ್ಕಿಟ್ಟುಕೊಂಡು ಇದೇ ಕೆಲಸ. ಆ ದಿನಗಳ ಟಿಪ್ಪಣಿ ಸಪ್ಪೆ, ಆದರೆ ಅದರಿಂದಾಗಿ ಶ್ರುತಿ ಇಂಥದ್ದೇ ಅಂತ ಬರೆಯೋದನ್ನು ಬಿಟ್ಟೆ.

ಹಾರ್ಮೋನಿಯಂ ಅಂದಾಗ ನೆನಪಾಯಿತು. ಪರಿಚಯದವರು ಕೊಟ್ಟ ಕ್ಯಾಸೆಟ್ಟುಗಳ ಮೇಲೆ ಬರೀ 'ರೇಡಿಯೋ' ಅಂತ ಇರುತ್ತೆ, ವರ್ಷ ಇರೋದಿಲ್ಲ. ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಂ ನಿಷೇಧ ಇತ್ತು. ಹಾಗಾಗಿ ಹಿಂದೆ ಹಾರ್ಮೋನಿಯಂ ಕೇಳಿಸಿದರೆ ಆ ಮೂವತ್ತು ವರ್ಷದ ಸ್ಟುಡಿಯೋ ಮುದ್ರಣ ಅದು ಆಗಿರಲಾರದು ಅಂತ ಒಂದು ಅಂದಾಜು. ಸಾರಂಗಿ ಕೇಳಿಸಿದರೆ ಮಾತ್ರ ಏನೂ ಸಾಬೀತಾಗಲ್ಲ.

ಟಿಪ್ಪಣಿಗಳಲ್ಲಿ ನನಗೇ ಖುಷಿ ಕೊಟ್ಟದ್ದು ಗಂಗೂಬಾಯಿ ಹಾನಗಲ್ ಅವರ ಎರಡು ದಿನ. ಮೊದಲ ದಿನ 1930ರ ದಶಕದ ಮುದ್ರಣ, ಮಾರನೇ ದಿನ ದಶಕಗಳ ನಂತರದ್ದು. ನಡುವೆ ಗಂಟಲಿನ ಶಸ್ತ್ರಚಿಕಿತ್ಸೆ ಆಗಿ ಅವರ ದನಿಯೇ ಬದಲಾಗಿತ್ತು ಅನ್ನೋದು ನಮಗೆಲ್ಲ ಗೊತ್ತಿರೋದೇ. ಗೊತ್ತಿರೋದನ್ನು ಬರೆಯಲಿಲ್ಲ. ಹೆಸರು ಮುಚ್ಚಿ ಎರಡನ್ನೂ ಕೇಳಿಸಿದೆ. ತೆಳುವಾದ, ಎತ್ತರದ ಹೆಣ್ಣುದನಿಯೊಂದು. ಗಂಡಸಿನದು ಅನ್ನಿಸುವಂಥ ಗಟ್ಟಿ ದನಿಯೊಂದು. ಇಬ್ಬರು ಬೇರೆ ಬೇರೆ ಅಂತಲೇ ಎಲ್ಲರೂ ಹೇಳಿದ್ದು. ಟಿಪ್ಪಣಿಯಲ್ಲಿ ನಾನು ಬರೆದದ್ದು ಎರಡರಲ್ಲೂ ಒಂದೇ ಥರ ಇದ್ದ ಒಂದು ಸಣ್ಣ ಅಭ್ಯಾಸದ ಬಗ್ಗೆ. ಅದೇನು ಅಂತ ನೀವೇ ಕೇಳಿ ಹುಡುಕಿ.

ಗಾಯಕ ಕುಮಾರ ಗಂಧರ್ವರ ದಿನ ಮಾತ್ರ ಬಹಳ ಒದ್ದಾಡಿದೆ. ಕ್ಷಯ ಬಂದು ಒಂದು ಶ್ವಾಸಕೋಶ ಕೆಲಸ ನಿಲ್ಲಿಸಿದ ಮೇಲೆ, 1950ರ ದಶಕದಲ್ಲಿ ಅವರು ಮತ್ತೆ ಹಾಡಲು ಶುರು ಮಾಡಿದ್ದು. ಸಣ್ಣ ಸಣ್ಣ ತುಣುಕು, ನಡುವೆ ನಿಶ್ಶಬ್ದ. ಆ ಖಾಲಿ ಜಾಗ ಎಷ್ಟು ಹೊತ್ತು ಇರುತ್ತೆ ಅಂತ ಸ್ಟಾಪ್‌ವಾಚ್ ಹಿಡಿದು ಅಳೆದೆ. ಅಂಕಿಗಳ ಪಟ್ಟಿ ಬಂತು, ಟಿಪ್ಪಣಿ ಬರಲಿಲ್ಲ. ಕೊನೆಗೆ ಹಾಡನ್ನು ಬಿಟ್ಟು ಆ ಖಾಲಿ ಜಾಗದಲ್ಲಿ ತಂಬೂರಿ ಏನು ಮಾಡುತ್ತಿದೆ ಅಂತ ಬರೆದೆ. ನಾಲ್ಕೇ ಸಾಲು. ಗುರುತಿನ ಪರೀಕ್ಷೆಯಲ್ಲಿ ಅದು ಒಂದು ಸಲವೂ ತಪ್ಪಲಿಲ್ಲ.

ಮುಂದಿನ ತಿಂಗಳಿಗೆ ಕಂಪನಿ ನಾಟಕದ ಪ್ಲೇಟುಗಳನ್ನು ಹಿಡಿಯಬೇಕು ಅಂತಿದೆ. ಅದರಲ್ಲಿ ಮಾತೂ ಇರುತ್ತೆ, ಹಾಡೂ ಇರುತ್ತೆ, ಈ ಪದ್ಧತಿ ಅಲ್ಲಿಗೆ ಒಗ್ಗುತ್ತೋ ಇಲ್ವೋ ನೋಡಬೇಕು. ನಿಮ್ಮ ಅಟ್ಟದಲ್ಲಿ ಇದ್ದರೆ ಹೇಳಿ. ಒಂದಕ್ಕೆ ನಾನೂರರವರೆಗೆ ಕೊಡುತ್ತೇನೆ. ಗೀರು ಬಿದ್ದಿದ್ದರೂ ಪರವಾಗಿಲ್ಲ, ಅಂಚು ಮುರಿದದ್ದು ಬೇಡ. ಕೊರಿಯರ್ ಅಂತೂ ಬೇಡವೇ ಬೇಡ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.